ಅಜ್ಜಿಗೆ ಸ್ವಲ್ಪ ಹುಷಾರಿಲ್ಲ

ಕಾಸಾ ನಗರದಲ್ಲಿ ಟ್ಯಾಕ್ಸಿ ನಿಲ್ಲಿಸುವುದಕ್ಕೆ ತನಗೆ ಬಾಯಿ ಬರುವುದಿಲ್ಲ ಎಂಬುದನ್ನು ರಬಾಬ್ ತನ್ನೊಳಗೆ ಬಿಟ್ಟರೆ ಬೇರೆ ಯಾರೆದುರೂ ಒಪ್ಪಿಕೊಂಡಿರಲಿಲ್ಲ. ಪದವಿ ಮುಗಿಸಿದ ಹುಡುಗಿ, ಎರಡು ಭಾಷೆಗಳಲ್ಲಿ ಪರೀಕ್ಷೆ ಬರೆಯಬಲ್ಲವಳು, ರಸ್ತೆಯಂಚಿಗೆ ನಿಂತು ಒಂದು ಬಡಾವಣೆಯ ಹೆಸರು ಕೂಗಲಾರಳು ಎಂದರೆ ಯಾರು ನಂಬುತ್ತಾರೆ? ಅವಳ ಊರು ಕಸ್ಬಾ ತಾದ್ಲಾದಲ್ಲಿ ಟ್ಯಾಕ್ಸಿ ನಿಲ್ಲುತ್ತದೆ. ಹತ್ತಿ ಕೂತು, ಬಾಗಿಲು ಹಾಕಿಕೊಂಡು, ಮೆಲ್ಲಗೆ ಹೇಳಿದರಾಯಿತು. ಇಲ್ಲಿಯ ಕೆಂಪು ಟ್ಯಾಕ್ಸಿಗಳು ನಿಲ್ಲುವುದಿಲ್ಲ, ನಿಂತಂತೆ ಮಾಡುತ್ತವೆ. ಒಳಗೆ ಆಗಲೇ ಒಬ್ಬಿಬ್ಬರು ಕೂತಿರುತ್ತಾರೆ. ಚಾಲಕ ಕಿಟಕಿಯ ಕಡೆ ಒಂದಿಷ್ಟು ವಾಲಿ ಕಿವಿ ಕೊಡುತ್ತಾನೆ. ಗಾಡಿಯ ಜೊತೆಗೇ ನಾಲ್ಕು ಹೆಜ್ಜೆ ಓಡುತ್ತ ಹೋಗಬೇಕಾದ ಜಾಗವನ್ನು ಕೂಗಬೇಕು. ಅವನ ದಾರಿಗೆ ಹೊಂದಿದರೆ ಸರಿ, ಇಲ್ಲದಿದ್ದರೆ ನಾಲಿಗೆಯಲ್ಲಿ ‘ಚ್ಚ್’ ಎಂದು ಹೊರಟೇ ಹೋಗುತ್ತಾನೆ. ಆ ‘ಚ್ಚ್’ ಕೇಳಿದಾಗಲೆಲ್ಲ ಅವಳಿಗೆ ತನ್ನನ್ನೇ ಬೇಡವೆಂದ ಹಾಗೆ ಅನಿಸುತ್ತಿತ್ತು.

ಆದರೆ ಆ ಭಾನುವಾರ ಬೆಳಿಗ್ಗೆ ಕೂಗಲೇಬೇಕಿತ್ತು.

ಹಿಂದಿನ ದಿನ ಶಿಕ್ಷಕರ ನೇಮಕದ ಪರೀಕ್ಷೆ ಬರೆದು, ಗೆಳತಿ ನಜ್ವಾಳ ಬಾಡಿಗೆ ಕೋಣೆಯಲ್ಲಿ ರಾತ್ರಿ ಉಳಿದಿದ್ದಳು. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ, ಅಪ್ಪನ ಫೋನು ಬಂತು.

“ಎದ್ದಿದೀಯೇನಮ್ಮಾ?” ಅಂದ ಅಪ್ಪ. “ಅಜ್ಜಿ ಹೋಗ್ಬಿಟ್ಲು ಮಗಳೇ. ಬೆಳಗಿನ ಬಾಂಗ್ ಕೂಗೋ ಹೊತ್ತಿಗೆ.”

ಅವಳಿಗೆ ಉಸಿರು ಎಳೆದುಕೊಳ್ಳುವಷ್ಟೂ ಬಿಡುವು ಕೊಡದೆ ಅವನು ಮುಂದುವರಿಸಿದ. “ಈಗ ಅಳ್ಬೇಡ, ಕೇಳು. ನಿನ್ನ ಅತ್ತೆ ಅಲ್ಲೇ ಇದಾಳಲ್ಲ, ಅವಳನ್ನ ಕರ್ಕೊಂಡು ಬಾ. ಇಳಿಹೊತ್ತಿನ ಅಸರ್ ನಮಾಜಿನವರೆಗೂ ಕಾಯ್ತೀವಿ. ಅದಕ್ಕಿಂತ ಜಾಸ್ತಿ ಇಟ್ಕೊಳ್ಳೋಕಾಗಲ್ಲ, ಇಲ್ಲಿ ಹಗಲು ಬಿಸಿಲು ಕೆಂಡದ ಹಾಗಿರತ್ತೆ. ಅವಳಿಗೆ ಮಾತ್ರ ಹೇಳ್ಬೇಡ. ಬಿಪಿ ಇರೋಳು, ದಾರೀಲಿ ಏನಾದ್ರೂ ಆದ್ರೆ ನೀನೊಬ್ಳೇ ಏನ್ ಮಾಡ್ತೀಯ? ಅಜ್ಜಿಗೆ ಸ್ವಲ್ಪ ಹುಷಾರಿಲ್ಲ, ನಿನ್ನ ನೋಡ್ಬೇಕಂತೆ ಅನ್ನು, ಅಷ್ಟೇ. ಬಾಗಿಲಿಗೆ ಬಂದ ಮೇಲೆ ನಾನು ಹೇಳ್ಕೋತೀನಿ. ಮಾತು ಕೊಡು.”

“ಹೂಂ,” ಅಂದಳು ರಬಾಬ್.

ಅವರ ಕಡೆ ಸಾವಿನ ಸುದ್ದಿಯನ್ನು ಹೀಗೆಯೇ ಸಾಗಿಸುವುದು. ಹೆಣವನ್ನು ಗಂಡಸರು ಹೊತ್ತು ಹೊರಟ ಮೇಲೆ ಹೆಂಗಸರ ಪಾಲಿಗೆ ಹೊಸ್ತಿಲೇ ಕೊನೆ. ಗೋರಿಯ ಹತ್ತಿರ ಅವರು ಹೋಗುವುದು ಮಣ್ಣು ಮುಚ್ಚಿ ದಿನವಾದ ಮೇಲೆ. ಅತ್ತೆ ತನ್ನ ತಾಯಿಯ ಮುಖವನ್ನು ಕೊನೆಯ ಸಲ ನೋಡಬೇಕಾದರೆ ಅಸರ್‌ಗೆ ಮುಂಚೆ ತಾದ್ಲಾ ಸೇರಬೇಕು. ಮೂರು ಗಂಟೆಗೂ ಮಿಕ್ಕಿದ ದಾರಿ. ರಬಾಬ್ ಮುಖ ತೊಳೆದುಕೊಂಡಳು. ನಜ್ವಾ ಗೋಡೆಯ ಕಡೆ ತಿರುಗಿ ಮಲಗಿದ್ದಳು, ಎಬ್ಬಿಸಲಿಲ್ಲ. ಎಬ್ಬಿಸಿದರೆ ಯಾಕೆಂದು ಹೇಳಬೇಕಾಗುತ್ತಿತ್ತು, ಹೇಳಿದರೆ ಅದು ನಿಜವಾಗಿಬಿಡುತ್ತಿತ್ತು.

ರಸ್ತೆಗೆ ಬಂದು ಕೈ ಚಾಚಿದಳು. ಮೊದಲನೆಯ ಟ್ಯಾಕ್ಸಿ ಅವಳ ತುಟಿ ಅಲ್ಲಾಡಿದ್ದನ್ನು ನೋಡಿ ಕಾಯಲಿಲ್ಲ. ಎರಡನೆಯವನು, “ಏನು? ಎಲ್ಲಿಗೆ? ಗಟ್ಟಿಯಾಗಿ ಹೇಳಮ್ಮಾ, ಬೆಳಿಗ್ಗೆ ತಿಂಡಿ ತಿಂದಿಲ್ವಾ?” ಎಂದು ನಗುತ್ತಲೇ ಹೋದ. ಊರಿನಲ್ಲಿ ಅಂಗಡಿ, ಆಸ್ಪತ್ರೆ, ಅಂಚೆ ಕಚೇರಿ, ಎಲ್ಲ ಕಡೆಯೂ ಅಜ್ಜಿಯೇ ಅವಳ ಪರವಾಗಿ ಮಾತಾಡುತ್ತಿದ್ದದ್ದು. ‘ನನ್ನ ಮೊಮ್ಮಗಳ ಬಾಯಿ ನನ್ನ ಹತ್ರ ಇದೆ, ನನ್ನನ್ನ ಕೇಳಿ’ ಅನ್ನುತ್ತಿದ್ದಳು. ಮುಂದಿನ ಗಾಡಿ ಬಂದಾಗ ರಬಾಬ್ ಕಣ್ಣು ಮುಚ್ಚಿ ಅತ್ತೆಯ ಬಡಾವಣೆಯ ಹೆಸರು ಕೂಗಿದಳು: “ಹಯ್ ಮೊಹಮ್ಮದಿ!” ಎದುರಿನ ಬೇಕರಿಯವನು ತಿರುಗಿ ನೋಡುವಷ್ಟು ಜೋರಾಗಿತ್ತು. ಗಾಡಿ ನಿಂತಿತು.

ಅತ್ತೆ ಮಹ್ಜೂಬಾ ಕಿಟಕಿಯ ಪಕ್ಕ ಕೂತು ಗುಂಡಿ ಕಟ್ಟುತ್ತಿದ್ದಳು. ಗಂಡ ತೀರಿಕೊಂಡಾಗಿನಿಂದ ಅದೇ ಅವಳ ಕಸುಬು: ರೇಷ್ಮೆದಾರ ಸುತ್ತಿ ಸುತ್ತಿ, ಮೆಣಸಿನಕಾಳಿನಷ್ಟು ಗುಂಡಿಗಳನ್ನು ಮಾಡಿ, ಕಫ್ತಾನು ನಿಲುವಂಗಿ ಹೊಲಿಯುವವರಿಗೆ ಕೊಡುವುದು. ಬಾಗಿಲಲ್ಲಿ ಅಣ್ಣನ ಮಗಳನ್ನು ಕಂಡು ಸೂಜಿಯನ್ನು ಎದೆಯ ಮೇಲಿನ ಬಟ್ಟೆಗೆ ಚುಚ್ಚಿಕೊಂಡಳು.

“ಅಬ್ಬಬ್ಬಾ, ಯಾರಿದು, ನಮ್ಮ ಪಂಡಿತೆನಾ? ನಿನ್ನೆಯಿಂದ ಕಾಸಾದಲ್ಲಿದ್ದೀಯ, ಅತ್ತೆ ಮನೆ ದಾರಿ ಇವತ್ತು ಗೊತ್ತಾಯ್ತಾ? ಹೆದರ್ಬೇಡ, ಗಂಡು ಹುಡುಕಿಟ್ಟಿಲ್ಲ. ಒಳಗೆ ಬಾ.”

“ಅತ್ತೆ,” ಅಂದಳು ರಬಾಬ್, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸುತ್ತ, “ಅಜ್ಜಿಗೆ ಸ್ವಲ್ಪ ಹುಷಾರಿಲ್ಲ. ನಿನ್ನ ನೋಡ್ಬೇಕಂತೆ.”

ಬೇರೆ ಯಾವ ಮನೆಯಲ್ಲಾದರೂ ಈ ಮಾತು ಕೇಳಿದ ಮಗಳು ಅಲ್ಲೇ ಕುಸಿದು ತೊಡೆ ಬಡಿದುಕೊಳ್ಳುತ್ತಿದ್ದಳು. ಆ ಮಾತಿನ ಅರ್ಥ ಊರಿಗೆಲ್ಲ ಗೊತ್ತು. ಮಹ್ಜೂಬಾ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಈ ಸಲ ಏನಂತೆ? ಎದೆನಾ, ಮಂಡಿನಾ? ಹೋದ ಸಲ ಎದೆ. ಅದರ ಹಿಂದಿನ ಸಲ, ‘ಮಹ್ಜೂಬಾ, ನನ್ನ ಕಣ್ಣಿಗೆ ಏನೂ ಕಾಣ್ತಿಲ್ಲ, ದೇವದೂತರು ಬಂದು ನಿಂತವ್ರೆ’ ಅಂದಿದ್ಲು. ನಾನು ತಲೆಗೆ ಬಟ್ಟೆ ಕೂಡ ಸರಿಯಾಗಿ ಕಟ್ಕೊಳ್ದೆ ಓಡಿದೆ. ಹೋಗಿ ನೋಡಿದ್ರೆ ಅಂಗಳದಲ್ಲಿ ಹಿಟ್ಟು ನಾದ್ತಾ ಕೂತಿದಾಳೆ! ‘ಬಂದ್ಯಾ ಮಗಳೇ, ಹಾಗಾದ್ರೆ ನಾನು ಉಳ್ಕೊಂಡೆ’ ಅಂತಾಳೆ. ಆ ಮುದುಕಿ ಸತ್ತಷ್ಟು ಸಲ ಈ ಬೀದೀಲಿ ಯಾರೂ ಸತ್ತಿಲ್ಲ.”

ರಬಾಬಳಿಗೂ ಆ ದಿನ ನೆನಪಿತ್ತು. ಅತ್ತೆ ಎಷ್ಟು ಬೈದರೂ ಅಜ್ಜಿ ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಲೇ ಇದ್ದಳು. ಮಗಳನ್ನು ಮನೆಗೆ ತರಿಸಿಕೊಳ್ಳಲು ಅವಳಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ಅದನ್ನು ಅವಳು ಬಳಸಿ ಬಳಸಿ ಸವೆಸಿಬಿಟ್ಟಿದ್ದಳು. ಇವತ್ತಿಗೆ ಅದರಲ್ಲಿ ಏನೂ ಉಳಿದಿರಲಿಲ್ಲ.

“ಈ ಸಲ ನಿಜವಾಗ್ಲೂ ಹುಷಾರಿಲ್ಲ, ಅತ್ತೆ.”

“ಅಯ್ಯೋ, ನಿನ್ನ ಮುಖ ನೋಡು, ಹುಷಾರಿಲ್ದೇ ಇರೋಳು ನೀನೇ ಅನ್ಸತ್ತೆ. ಬರ್ತೀನಿ ಕಣೇ, ಬರ್ದೆ ಇದ್ರೆ ಬಿಡ್ತಾಳಾ ಅವಳು? ಆದ್ರೆ ಈ ಗುಂಡಿ ಮುಗಿಸಿ ಹಬೂಸ್ ಪೇಟೇಲಿ ದರ್ಜಿ ಸಿ ತಾಹಿರ್‌ಗೆ ಕೊಟ್ಟು ಹೋಗ್ಬೇಕು. ಮದುವಣಗಿತ್ತಿ ಕಫ್ತಾನು. ಕೂತ್ಕೋ, ಟೀ ಕುಡಿ.”

“ಮೊದ್ಲು ಹೋಗ್ಬಿಡೋಣ. ಆಮೇಲೆ ಬಂದು ಕೊಡು.”

“ಅಜ್ಜಿ ಎಲ್ಲಿಗೂ ಓಡಿಹೋಗಲ್ಲ ಕಣೇ.”

ರಬಾಬ್ ಟೀ ಕುಡಿದಳು. ಅತ್ತೆಯ ಹೆಬ್ಬೆರಳು ಅಜ್ಜಿಯದರಂತೆಯೇ ತುದಿಯಲ್ಲಿ ಅಗಲವಾಗಿತ್ತು. ದಾರ ಸುತ್ತುವಾಗ ನಾಲಿಗೆಯ ತುದಿಯನ್ನು ತುಟಿಯಾಚೆ ಇಟ್ಟುಕೊಳ್ಳುವುದೂ ಹಾಗೆಯೇ. ನೋಡಲಾಗದೆ ಅವಳು ಕಿಟಕಿಯಾಚೆ ನೋಡಿದಳು. ಕೆಳಗೆ ಯಾರೋ ಮೀನು ಮಾರುತ್ತಿದ್ದರು. ಬಿಸಿಲು ಎದುರಿನ ಗೋಡೆಯಿಂದ ಇಳಿದು ರಸ್ತೆಗೆ ಬಂತು. ಅತ್ತೆ ಒಂದೊಂದು ಗುಂಡಿಯನ್ನೂ ಹಲ್ಲಿನಿಂದ ದಾರ ಕಚ್ಚಿ ಕತ್ತರಿಸಿ, ಮುಂದಿನದಕ್ಕೆ ಕೈ ಹಾಕುತ್ತಿದ್ದಳು. ಕೊನೆಗೆ ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಕಟ್ಟಿ ಎದ್ದಾಗ ರಬಾಬ್ ಆಗಲೇ ಬಾಗಿಲ ಹೊರಗೆ ನಿಂತಿದ್ದಳು.

“ಟ್ರಾಮಿನಲ್ಲಿ ಹೋಗೋಣ, ಬೇಗ ಆಗತ್ತೆ,” ಅಂದಳು.

“ಟ್ರಾಮಾ? ಅದರಲ್ಲಿ ಜಗಳ ಆಡೋಕೆ ಡ್ರೈವರೇ ಕೈಗೆ ಸಿಗಲ್ಲ. ಅದೂ ಒಂದು ಪ್ರಯಾಣನಾ?”

ಮಹ್ಜೂಬಾ ಕೈ ಎತ್ತಿ ಕೂಗಿದ ರೀತಿಗೆ ಎರಡು ಟ್ಯಾಕ್ಸಿಗಳು ಒಟ್ಟಿಗೆ ನಿಂತವು. ಹತ್ತಿದ ಗಳಿಗೆಯಿಂದ ಅವಳು ಚಾಲಕನ ದಾರಿ, ವೇಗ, ಮೀಸೆ, ಎಲ್ಲವನ್ನೂ ತಿದ್ದಲು ಶುರು ಮಾಡಿದಳು. ಮುಂದಿನ ತಿರುವಿನಲ್ಲಿ ಅವನು ಪುದೀನದ ಕಟ್ಟು ಹಿಡಿದ ದಪ್ಪ ಹೆಂಗಸೊಬ್ಬಳನ್ನು ಹತ್ತಿಸಿಕೊಂಡಾಗ, “ಇನ್ನೊಂದು ಕುರಿನೂ ಹತ್ತಿಸ್ಕೋ, ಜಾಗ ಇದೆ,” ಅಂದಳು.

“ಕುರಿ ಜಾಸ್ತಿ ಮಾತಾಡಲ್ಲ ಅಕ್ಕಾ, ಅದಕ್ಕೇ ಇಷ್ಟ,” ಅಂದ ಚಾಲಕ.

ಪುದೀನದ ಹೆಂಗಸು ಕುಲುಕುಲು ನಕ್ಕಳು. ಮುಂದಿನ ಸಿಗ್ನಲ್ಲು ಬರುವಷ್ಟರಲ್ಲಿ ಇವರು ಎಲ್ಲಿಗೆ, ಯಾಕೆ ಎಂಬುದೆಲ್ಲ ಅವಳಿಗೆ ಗೊತ್ತಾಗಿತ್ತು. ಮಹ್ಜೂಬಾ ಹಿಟ್ಟು ನಾದುವ ಕಥೆಯನ್ನು ಇನ್ನೊಮ್ಮೆ ಹೇಳಿದಳು. ಈ ಸಲ ದೇವದೂತರ ಸಂಖ್ಯೆ ಹೆಚ್ಚಾಗಿತ್ತು, ಅಜ್ಜಿಯ ದನಿಯನ್ನೂ ಅನುಕರಿಸಿದಳು. ಗಾಡಿಯಲ್ಲಿದ್ದವರೆಲ್ಲ ನಕ್ಕರು. ಆ ದನಿ ಎಷ್ಟು ಸರಿಯಾಗಿತ್ತೆಂದರೆ ರಬಾಬ್ ಥಟ್ಟನೆ ತಿರುಗಿ ನೋಡಿದಳು. ಅತ್ತೆ ಮೊಣಕೈಯಿಂದ ತಿವಿದಾಗ ಅವಳೂ ತುಟಿ ಅಗಲಿಸಿದಳು.

“ಕಾಡುಪುದೀನ ಕುದಿಸಿ ಕುಡಿಸಿ,” ಅಂದಳು ಆ ಹೆಂಗಸು. “ಎದೇನೋ ಮಂಡಿನೋ, ಎಲ್ಲದಕ್ಕೂ ಆಗತ್ತೆ. ದೇವರು ಗುಣ ಮಾಡ್ಲಿ.”

“ಆಮೀನ್,” ಅಂದಳು ಮಹ್ಜೂಬಾ.

ರಬಾಬ್ ಕೂಡ ಆಮೀನ್ ಅನ್ನಬೇಕಾಯಿತು. ಸತ್ತವಳು ಗುಣವಾಗಲಿ ಎಂದು ಆಮೀನ್ ಅಂದದ್ದಕ್ಕೆ ಏನು ಶಿಕ್ಷೆಯೋ ಎಂದು ಯೋಚಿಸುತ್ತ ಅವಳು ಹೊರಗೆ ನೋಡುತ್ತ ಕೂತಳು. ದೊಡ್ಡ ಊರು ಮುಗಿಯುತ್ತಲೇ ಇರಲಿಲ್ಲ. ಒಂದು ಸಿಗ್ನಲ್ಲು, ಮತ್ತೊಂದು ಸಿಗ್ನಲ್ಲು. ಕೈಗಾಡಿ ಎಳೆಯುವವನು ಮಧ್ಯರಸ್ತೆಯಲ್ಲಿ ನಿಂತು ಯಾರಿಗೋ ವಿಳಾಸ ಹೇಳುತ್ತಿದ್ದ. ಅವನು ಹೇಳಿ ಮುಗಿಸುವವರೆಗೂ ಎಲ್ಲರೂ ಹಾರ್ನ್ ಹೊಡೆದರು. ಅಲ್ಲಿ, ತಾದ್ಲಾದಲ್ಲಿ, ಇಷ್ಟು ಹೊತ್ತಿಗೆ ನೆರೆಯ ಹೆಂಗಸರು ಅಜ್ಜಿಗೆ ಸ್ನಾನ ಮಾಡಿಸಿರುತ್ತಾರೆ. ಅವಳ ಕಿವಿಯ ಹಿಂದಿನ ಲವಂಗದ ವಾಸನೆಯನ್ನು ತೊಳೆದುಬಿಟ್ಟಿರುತ್ತಾರೆ.

ಹಬೂಸ್‌ನಲ್ಲಿ ಸಿ ತಾಹಿರನ ಅಂಗಡಿ ತೆರೆದಿತ್ತು, ಆದರೆ ಅವನಿರಲಿಲ್ಲ. ಪಕ್ಕದ ಚಪ್ಪಲಿ ಅಂಗಡಿಯವನು, “ಈಗ ಬರ್ತಾನೆ,” ಅಂದ. ಆ ‘ಈಗ’ ಬಹಳ ಉದ್ದವಿತ್ತು. ಅತ್ತೆ ನೆರಳಿನಲ್ಲಿ ಸ್ಟೂಲು ಹಾಕಿಕೊಂಡು ಕಾಲು ಚಾಚಿದಳು. ರಬಾಬ್ ಕಮಾನಿನ ಈ ಕಂಬದಿಂದ ಆ ಕಂಬಕ್ಕೆ ತಿರುಗಾಡಿದಳು.

ಮುದುಕ ಬಂದ. ಗುಂಡಿಗಳನ್ನು ಬೆಳಕಿಗೆ ಹಿಡಿದು, ಯಾವಾಗಿನಂತೆ ಮುಖ ಕಿವುಚಿದ.

“ಎಡತೋಳಿನವು ಎಲ್ಲಿ?”

“ಮುಂದಿನ ವಾರ.”

“ಮುಂದಿನ ವಾರ ಹುಡುಗಿ ಗಂಡನ ಮನೇಲಿರ್ತಾಳೆ, ಮಹ್ಜೂಬಾ! ಒಂದು ತೋಳು ಬಿಚ್ಕೊಂಡು ಮದುವೆ ಆಗ್ಬೇಕಾ ಅವಳು? ಇಲ್ಲೇ ಕೂತು ಮುಗಿಸು, ದಾರ ಕೊಡ್ತೀನಿ.”

“ಅಮ್ಮನಿಗೆ ಹುಷಾರಿಲ್ವಂತೆ ಸಿ ತಾಹಿರ್, ತಾದ್ಲಾಕ್ಕೆ ಹೊರಟಿದೀನಿ. ಇವಳು ಕರ್ಕೊಂಡು ಹೋಗೋಕೆ ಬಂದಿದಾಳೆ. ಸ್ವಲ್ಪ ಹುಷಾರಿಲ್ವಂತೆ. ನಿಮಗೆ ಗೊತ್ತಲ್ಲ, ನಮ್ಮಮ್ಮನ ಕಥೆ.”

ಸಿ ತಾಹಿರ್ ಕನ್ನಡಕದ ಮೇಲಿನಿಂದ ರಬಾಬಳನ್ನು ನೋಡಿದ. ಅವಳು ಕಣ್ಣು ತಗ್ಗಿಸಿದಳು. ಅಷ್ಟೇ ಸಾಕಾಯಿತು. ಅವನ ಕೈ ತಾನೇ ಎದೆಯ ಮೇಲೆ ಹೋಯಿತು, ಬಾಯಿಂದ “ದೇವರು ನಿಮಗೆಲ್ಲ ತಾಳ್ಮೆ…” ಎಂಬಷ್ಟು ಹೊರಬಂತು. ಅವನು ಅದನ್ನು ಕೆಮ್ಮಿ ಕೆಮ್ಮಿ ನುಂಗಿಕೊಂಡ.

“ಹೋಗು,” ಅಂದ. “ಈಗಲೇ ಹೋಗು. ಗುಂಡಿ ನಾನು ಕಟ್ಕೋತೀನಿ.”

“ನೀವಾ? ಸೂಜಿ ಕಣ್ಣು ಕಾಣತ್ತಾ ನಿಮಗೆ?”

“ಹೋಗು ಅಂದ್ನಲ್ಲ!” ಎಂದು ಗದರಿ, ಅವನು ಒಳಗೆ ಹೋಗಿಬಿಟ್ಟ.

“ಏನಾಗಿದೆ ಈ ಮುದುಕನಿಗೆ,” ಅಂದಳು ಮಹ್ಜೂಬಾ. ಉಲಾದ್ ಝಿಯಾನ್ ನಿಲ್ದಾಣದವರೆಗೂ ಅದೇ ಮಾತು. ಇಷ್ಟು ವರ್ಷದಲ್ಲಿ ಒಂದು ದಿನವೂ ಬಿಟ್ಟುಕೊಡದವನು ಇವತ್ತು ಬಿಟ್ಟುಕೊಟ್ಟದ್ದು ಅವಳಿಗೆ ಮುಳ್ಳು ಚುಚ್ಚಿದಂತಾಗಿತ್ತು. ಬೈದಿದ್ದರೆ ನೆಮ್ಮದಿಯಾಗಿ ಹೋಗುತ್ತಿದ್ದಳು.

ನಿಲ್ದಾಣದ ಬಾಗಿಲಿನಲ್ಲೇ ಊರುಗಳ ಹೆಸರು ಕೂಗುವವರು ಮುತ್ತಿಕೊಂಡರು. ಫೆಸ್, ಅಗಾದಿರ್, ಖುರಿಬ್ಗಾ. ಒಬ್ಬ ರಬಾಬಳ ಚೀಲವನ್ನೇ ಹಿಡಿದ. “ಯಾವೂರು ತಂಗಿ? ಹೇಳು, ಎಲ್ಲಿಗಾದ್ರೂ ಕಳಿಸ್ತೀನಿ!” ಅತ್ತೆ ಅವನ ಕೈಗೆ ಒಂದು ಬಾರಿಸಿ ಚೀಲ ಬಿಡಿಸಿದಳು. ಊರೂರಿಗೆ ಹೋಗುವ ಬಿಳಿ ಟ್ಯಾಕ್ಸಿಗಳ ಸಾಲಿನಲ್ಲಿ ತಾದ್ಲಾ ಗಾಡಿ ಸಿಕ್ಕಿತು. ಆರು ಜನ ತುಂಬಿದರೆ ಹೊರಡುವ ಗಾಡಿ, ನಾಲ್ಕು ಜನ ಆಗಲೇ ಕೂತಿದ್ದರು.

“ನೀವಿಬ್ರು ಹತ್ತಿ, ಹೊರಟೇಬಿಟ್ವಿ,” ಅಂದ ಚಾಲಕ.

ರಬಾಬಳಿಗೆ ಬೆಳಗಿನಿಂದ ಮೊದಲ ಬಾರಿಗೆ ಉಸಿರು ಸರಾಗವಾಯಿತು. ಎಲ್ಲೋ ಮಧ್ಯಾಹ್ನದ ನಮಾಜಿನ ಬಾಂಗು ಶುರುವಾಯಿತು. ಈಗ ಹೊರಟರೆ ಸರಿಹೋಗುತ್ತದೆ. ಆದರೆ ಮಹ್ಜೂಬಾ, “ಒಂದ್ ನಿಮಿಷ, ಅಮ್ಮನಿಗೆ ಬಾಳೆಹಣ್ಣು,” ಎಂದು ಓಡಿದಳು. “ಹಲ್ಲಿಲ್ಲದವಳು, ಬೇರೆ ಏನು ತಿಂತಾಳೆ?” ಹಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಗಟ್ಟಿಯಿದ್ದದ್ದನ್ನು ಬಿಟ್ಟು, ಮೆತ್ತಗಿರುವುದನ್ನೇ ಆರಿಸಿ ತಂದಳು. ಬಂದು ಮುಂದಿನ ಸೀಟಿನಲ್ಲಿ ಕೂತು, ಫೋನು ತೆಗೆದಳು.

“ಯಾರಿಗೆ, ಅತ್ತೆ?”

“ಅಮ್ಮನಿಗೇ. ಹೊರಟ್ವಿ ಅಂತ ಹೇಳ್ಬೇಡ್ವಾ? ಇಲ್ದಿದ್ರೆ ಇನ್ನೊಂದು ಸಲ ಸಾಯ್ತಾಳೆ.”

ಅಜ್ಜಿಯ ಫೋನು ಬಹಳ ಹೊತ್ತು ಬಡಿದುಕೊಂಡಿತು. ಆಮೇಲೆ ಅಪ್ಪನ ದನಿ. ಅತ್ತೆಯ ಫೋನಿನಲ್ಲಿ ಮಾತು ಹಿಂದಿನ ಸೀಟಿನವರೆಗೂ ಕೇಳುತ್ತಿತ್ತು.

“ಅಣ್ಣಾ, ಅಮ್ಮನಿಗೆ ಕೊಡು.”

“ಮಲಗಿದಾಳೆ, ಮಹ್ಜೂಬಾ.”

“ಈ ಹೊತ್ತಲ್ಲಾ?”

“ಹೂಂ. ಈಗ ನೋವೇನಿಲ್ಲ. ಆರಾಮಾಗಿ ಮಲಗಿದಾಳೆ. ನೀನು ಬಂದ್ಬಿಡು.”

“ನಿನ್ನ ಗಂಟಲಿಗೇನಾಯ್ತು?”

“ನೆಗಡಿ,” ಅಂದ ಅಪ್ಪ. ಫೋನು ಕಡಿದುಹೋಯಿತು.

ಮಹ್ಜೂಬಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಬಾಗಿಲು ತೆರೆದು ಇಳಿದೇಬಿಟ್ಟಳು.

“ಕೇಳಿಸ್ತಾ? ನೋವೇನಿಲ್ವಂತೆ, ಆರಾಮಾಗಿ ಮಲಗಿದಾಳಂತೆ! ಈ ಮನೆಯವರು ನನ್ನ ಜೀವ ತಿಂದುಬಿಡ್ತಾರೆ.” ಬಾಳೆಹಣ್ಣಿನ ಚೀಲವನ್ನು ಕಿಟಕಿಯಿಂದ ರಬಾಬಳ ತೊಡೆಯ ಮೇಲಿಟ್ಟಳು. “ಇದನ್ನ ಅವಳಿಗೆ ಕೊಡು. ನಾನು ಶುಕ್ರವಾರ ಬರ್ತೀನಿ. ನಾನೇ ಕುಸ್ಕುಸ್ ಮಾಡಿ ತಿನ್ನಿಸಿ, ಇಡೀ ದಿನ ಪಕ್ಕದಲ್ಲೇ ಕೂತಿರ್ತೀನಿ, ಸರಿನಾ? ಆ ಮುದುಕ ಕಣ್ಣು ಕಾಣ್ದೆ ಸೂಜಿ ಹಿಡ್ಕೊಂಡು ಕೂತಿರ್ತಾನೆ, ನನಗೆ ತಡ್ಕೊಳ್ಳೋಕಾಗ್ತಿಲ್ಲ. ಇವತ್ತು ಆ ತೋಳು ಮುಗಿಸಿಬಿಡ್ತೀನಿ.”

“ಅತ್ತೆ, ಬೇಡ. ಹತ್ತು.”

“ಶುಕ್ರವಾರ ಅಂದ್ನಲ್ಲ.”

“ಏನಮ್ಮಾ ನೀವು!” ಅಂದ ಚಾಲಕ. ಅವನು ಆಗಲೇ ಎಂಜಿನ್ ಚಾಲು ಮಾಡಿದ್ದವನು ನಿಲ್ಲಿಸಿ, ತಲೆ ಹೊರಗೆ ಹಾಕಿ, “ತಾದ್ಲಾ, ಒಂದು ಸೀಟು! ತಾದ್ಲಾ, ಒಂದೇ ಸೀಟು!” ಎಂದು ಕೂಗತೊಡಗಿದ. ಹಿಂದೆ ಕೂತಿದ್ದವರು ಗೊಣಗಿದರು. ಸೂಟ್‌ಕೇಸ್ ಹಿಡಿದ ಒಬ್ಬ ಯಾರೋ ದೂರದಿಂದ ಕೈ ಎತ್ತಿ ಬರುತ್ತಿದ್ದ.

ಅತ್ತೆ ಹೊರಟಿದ್ದಳು. ಮಾಸಿದ ನೀಲಿ ಜೆಲ್ಲಾಬಾ, ಬೆನ್ನ ಮೇಲೆ ಜೋತುಬಿದ್ದ ಅದರ ಕುಲಾವಿ, ಸೊಂಟದ ಮೇಲೆ ಒಂದು ಕೈ. ಬಸ್ಸುಗಳ ನಡುವೆ ಅವಳು ಯಾರನ್ನೋ ಬೈಯುತ್ತ ದಾರಿ ಮಾಡಿಕೊಳ್ಳುತ್ತಿದ್ದಳು. ರಬಾಬ್ ಅಪ್ಪನಿಗೆ ಕೊಟ್ಟ ಮಾತನ್ನು ನೆನೆದಳು. ಬಿಪಿಯನ್ನು ನೆನೆದಳು. ಶುಕ್ರವಾರ ಮಣ್ಣಿನ ಒಂದು ದಿಬ್ಬದ ಮುಂದೆ ನಿಂತು ‘ಮಲಗಿದಾಳೆ ಅಂದ್ರಲ್ಲಾ’ ಎಂದು ಕೇಳುವ ಅತ್ತೆಯನ್ನು ನೆನೆದಳು. ಆಮೇಲೆ ಏನನ್ನೂ ನೆನೆಯಲಿಲ್ಲ. ಬಾಗಿಲು ತಳ್ಳಿ ಇಳಿದು ಓಡಿದಳು. ಅತ್ತೆಯ ತೋಳನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

“ಏನೇ ಇದು, ಬಿಡೇ, ಜನ ನೋಡ್ತಾರೆ!” ಅಂದಳು ಮಹ್ಜೂಬಾ, ನಗುತ್ತ. ತಿರುಗಿ ಅವಳ ಮುಖ ನೋಡಿದಳು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

“ಅತ್ತೆ,” ಅಂದಳು ರಬಾಬ್, “ಅಜ್ಜಿ ಸತ್ತೋದ್ಲು.”